ಗೇಟ್ ಚೀಟಿಯ ತೂತು

ನನ್ನಿಂದ ಬಿ.ಕಾಂ ಮುಗಿಸಲಿಕ್ಕೆ ಆಗುವುದೇ ಇಲ್ಲ ಎಂದವರು ನನ್ನ ಸೋದರಮಾವ. ಆಡಿಟಿಂಗ್ ಪೇಪರಿನಲ್ಲಿ ನಾನು ಎರಡನೇ ಸಲ ಫೇಲಾದಾಗ ಕಾಸರಗೋಡಿನಿಂದ ಫೋನ್ ಮಾಡಿ, "ಡಿಗ್ರಿ ಗಿಗ್ರಿ ನಮಗೆ ಹೇಳಿದ್ದಲ್ಲ ಮಾರಾಯ್ತಿ, ಇದ್ದ ಕೆಲಸ ನೋಡಿಕೋ" ಎಂದಿದ್ದರು. ನಮ್ಮ ಮನೆಯಲ್ಲಿ ಹತ್ತನೇ ಕ್ಲಾಸು ದಾಟಿದವಳು ನಾನೊಬ್ಬಳೇ. ಇನ್ನೊಂದು ಸಲ ಫೇಲಾದರೆ ಓದು ಬಿಡುವುದೆಂದು ನಾನೂ ಒಳಗೊಳಗೇ ತೀರ್ಮಾನಿಸಿದ್ದೆ.

ಇದ್ದ ಕೆಲಸವೆಂದರೆ ಕೊಚ್ಚಿಯ ಎರ್ನಾಕುಳಂನ ಒಂದು ಆಡಿಟ್ ಆಫೀಸಿನಲ್ಲಿ ಕಾಗದಗಳಿಗೆ ಪಂಚ್ ಹೊಡೆದು ಫೈಲಿಗೆ ಹಾಕುವುದು. ಆ ವರ್ಷ ವಲ್ಲಾರ್ಪಾಡಂ ಹತ್ತಿರದ ಮಸಾಲೆ ಗೋದಾಮೊಂದರ ಆಡಿಟ್‌ಗೆ ನನ್ನನ್ನೂ ಕರೆದುಕೊಂಡು ಹೋದರು. ತಂಡದ ಹಿರಿಯ ಆಡಿಟರನ್ನು ನಾವೆಲ್ಲ ಚೇಚಿ, ಅಂದರೆ ಅಕ್ಕ, ಎನ್ನುತ್ತಿದ್ದೆವು. ಕರಿಮೆಣಸಿನ ಮೂಟೆಗಳು ಲಾರಿಯಲ್ಲಿ ಹೊರಗೆ ಹೋದದ್ದಕ್ಕೆ ಪುರಾವೆಯಾಗಿ ಮ್ಯಾನೇಜರು ಗೇಟ್ ಚೀಟಿಗಳ ಕಟ್ಟು ಕೊಟ್ಟ. ಚೇಚಿ ಸಹಿ, ತಾರೀಕು ನೋಡಿ ನನಗೆ ದಾಟಿಸಿದರು. ಹತ್ತಾರು ಚೀಟಿಗಳ ಅಂಚಿಗೆ ಪಂಚ್ ಹೊಡೆದೂ ಆಗಿತ್ತು. ಆಮೇಲೆ ನನ್ನ ಕೈ ನಿಂತಿತು.

ಅಪ್ಪ ಕೊಚ್ಚಿ ಬಂದರಿನ ವಿಲ್ಲಿಂಗ್ಡನ್ ಐಲ್ಯಾಂಡಿನ ಗೋದಾಮೊಂದರಲ್ಲಿ ಗೇಟ್ ಕಾಯುತ್ತಿದ್ದರು. ಶಾಲೆ ಬಿಟ್ಟ ಮೇಲೆ ನಾನು ಅವರ ಪಕ್ಕದಲ್ಲೇ ಕೂರುತ್ತಿದ್ದೆ. ಲಾರಿ ದಾಟಿದ ಕೂಡಲೇ ಚೀಟಿಯನ್ನು ಮೊನಚು ಕಬ್ಬಿಣದ ತಂತಿಗೆ ಚುಚ್ಚಿಡುವುದು ಅಲ್ಲಿನ ಪದ್ಧತಿ. ಈ ಗೇಟಿನಲ್ಲೂ ಅಂಥದೇ ತಂತಿಯನ್ನು ಬರುವಾಗ ನೋಡಿದ್ದೆ. ಕಟ್ಟಿನ ಎಷ್ಟೋ ಚೀಟಿಗಳಿಗೆ ನಟ್ಟನಡುವೆ ತುಕ್ಕಿನ ಕಲೆಯ ತೂತಿತ್ತು. ಮಿಕ್ಕವು ಇಸ್ತ್ರಿ ಹಾಕಿದ ಹಾಗಿದ್ದವು.

ಇವು ಗೇಟಿಗೆ ಹೋಗಿಯೇ ಇಲ್ಲ ಎಂದೆ. ಮ್ಯಾನೇಜರು ನಕ್ಕ. ಚೇಚಿ ನಗಲಿಲ್ಲ. ತಂತಿಯ ತೂತಿಲ್ಲದ ಚೀಟಿಗಳನ್ನು ಬೇರೆ ಮಾಡಿಸಿ, ಅವುಗಳಲ್ಲಿ ಹೆಸರಿದ್ದ ತಿರುವನಂತಪುರದ ಚಾಲೈ ಮಾರ್ಕೆಟ್ಟಿನ ವ್ಯಾಪಾರಿಗಳಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿದರು. ಯಾರಿಗೂ ಸರಕು ಬಂದಿರಲಿಲ್ಲ. ಮಾರಾಟವೇ ಸುಳ್ಳು.

ನಾನು ಫೇಲಾದದ್ದು ಆಫೀಸಿಗೆಲ್ಲ ಗೊತ್ತಿತ್ತು. ವಾಪಸು ಬರುವಾಗ ಚೇಚಿ ಮಗಳನ್ನು ಕೇಳುವ ಹಾಗೆ ಕೇಳಿದರು: "ಇಷ್ಟೆಲ್ಲ ಗೊತ್ತಿದ್ದವಳು ಆ ಪೇಪರಿನಲ್ಲಿ ಬಿದ್ದದ್ದು ಹೇಗೆ ಮೋಳೇ?"

ಪುಸ್ತಕದ ಇಂಗ್ಲಿಷು ತಲೆಗೆ ಹತ್ತುವುದಿಲ್ಲ ಎಂದೆ. ಮರುದಿನದಿಂದ ಆಫೀಸು ತೆರೆಯುವ ಮುಂಚೆ ಒಂದು ಗಂಟೆ ನನಗೆ ಪಾಠ. ಪುಸ್ತಕದ ಪ್ರತಿ ನಿಯಮಕ್ಕೂ ಗೋದಾಮಿನದೋ ಅಂಗಡಿಯದೋ ಉದಾಹರಣೆ ನಾನೇ ಹೇಳಬೇಕು. ತಪ್ಪಿದರೆ ಬೈಗುಳ, ಸರಿಯಾದರೆ ಅವರ ತಿಂಡಿ ಡಬ್ಬಿಯಿಂದ ಅರ್ಧ ಪುಟ್ಟು. ಪರೀಕ್ಷೆಯವರೆಗೆ ಒಂದು ದಿನವೂ ಅವರು ತಪ್ಪಿಸಲಿಲ್ಲ. ಅಷ್ಟು ಹೊತ್ತು ನನಗಾಗಿ ಕೊಟ್ಟವರು ಇನ್ನೊಬ್ಬರಿಲ್ಲ.

ಪಾಸಾದೆ. ತಿರುವನಂತಪುರದ ಯೂನಿವರ್ಸಿಟಿ ಕೌಂಟರಿನಲ್ಲಿ ಸರ್ಟಿಫಿಕೇಟ್ ಕೊಟ್ಟಾಗ ಅಮ್ಮ ಪಕ್ಕದಲ್ಲಿದ್ದರು. ಅವರ ಕೈಗಿಟ್ಟೆ. ಸೆರಗಿಗೆ ಕೈ ಒರೆಸಿಕೊಂಡು ಹಿಡಿದರು, ಮತ್ತೆ ನನಗೆ ಕೊಡಲಿಲ್ಲ.

"ಮೊದಲು ನಿನ್ನ ಚೇಚಿಗೆ ಕೊಂಡುಹೋಗಿ ತೋರಿಸು. ಎರ್ನಾಕುಳಂ ಬರುವವರೆಗೆ ನಾನೇ ಹಿಡ್ಕೊಳ್ತೇನೆ."