ಐವತ್ತು ತುಂಬುವ ಮೊದಲೇ

ನಿಮ್ಮನ್ನು ನಂಬಿಸಿದರೆ ನನಗೇನೂ ಗಿಟ್ಟುವುದಿಲ್ಲ. ಗಿಟ್ಟದ ಮಾತಾಡುವವನೂ ನಾನಲ್ಲ. ಆದರೂ ಹೇಳುತ್ತಿದ್ದೇನೆ, ನನ್ನ ಕಣ್ಣೆದುರೇ ನಡೆದದ್ದು.

ತೊಂಬತ್ತರ ದಶಕದ ಕೊನೆ. ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ನನ್ನದೊಂದು ಪುಟ್ಟ ಕಂಪ್ಯೂಟರ್ ಅಂಗಡಿ. ಹರಿಹರದಾಚೆ ಒಂದು ಬಟ್ಟೆ ಗಿರಣಿಯ ಕೆಲಸ ಹಿಡಿದಿದ್ದೆ. ಅಲ್ಲಿ ಪ್ರತಿ ಬಾಗಿಲಲ್ಲೂ ಕಾರ್ಮಿಕರು ಕಾರ್ಡ್ ಉಜ್ಜಬೇಕು. ಒಂದೊಂದು ಕಾರ್ಡಿಗೂ ಕಂಪ್ಯೂಟರ್ ಡಿಸ್ಕಿಗೆ ಬರೆಯುತ್ತಿತ್ತು... ಕರ್, ಕರ್, ಕರ್. ಅದು ಬರೆದು ಮುಗಿಸುವವರೆಗೆ ಮುಂದಿನವರು ಕಾಯಬೇಕು, ಪಾಳಿ ಬದಲಾಗುವಾಗ ಜನ ರಸ್ತೆವರೆಗೂ ನಿಲ್ಲುತ್ತಿದ್ದರು.

"ಈ ಕ್ಯೂ ಕರಗಿಸಿ ಕೊಡ್ತೀನಿ, ನಿಮ್ಮ ಇನ್ನೊಂದು ಗಿರಣಿ ಕೆಲಸಾನೂ ನನಗ ಕೊಡ್ರಿ" ಎಂದು ಮ್ಯಾನೇಜರ್ ಹತ್ತಿರ ಚೌಕಾಸಿ ಮಾಡಿದೆ. ಆ ಸಂಜೆ ಪ್ರೋಗ್ರಾಮ್ ತಿದ್ದಿದೆ. ಬಾಗಿಲಿಗೆ ಐವತ್ತು ಕಾರ್ಡಿನಂತೆ ಮೆಮೊರಿಯಲ್ಲಿ ಕೂಡಿಹಾಕಿ, ಒಟ್ಟಿಗೆ ಡಿಸ್ಕಿಗೆ ಬರೆಯುವ ಹಾಗೆ. ರಾತ್ರಿ ಪಾಳಿಯವರು ಸರಸರ ಒಳಹೋದರು.

ಹನ್ನೆರಡಾಗಿರಬೇಕು. ಹಸಿ ಬಟ್ಟೆಯ ವಾಸನೆ, ಬಣ್ಣದ ಘಾಟು... ನಾನಿದ್ದ ಕಂಪ್ಯೂಟರ್ ಕೋಣೆಗೆ ಮೇಸ್ತ್ರಿ ರುದ್ರಪ್ಪ ಬಂದರು. ಬಣ್ಣದ ಬಟ್ಟೆಗೆ ಹಬೆ ಕೊಡುವ ಕೋಣೆ ಪಕ್ಕದಲ್ಲೇ. ಹಬೆ ಬಿಡುವ ಮೊದಲು ಒಳಗೆ ಯಾರಿದ್ದಾರೆಂದು ಪರದೆಯಲ್ಲಿ ನೋಡುವುದು ಅಲ್ಲಿನ ರೂಢಿ. ಡಿಸ್ಕಿಗೆ ಬರೆದ ಹೆಸರಷ್ಟೇ ಪರದೆಗೆ ಬರುತ್ತಿತ್ತು.

"ಒಳಗ ಯಾರರ ಅದಾರೇನ್ರಿ?"

"ಯಾರೂ ಇಲ್ಲ ಅಂತ ಐತೆ ನೋಡ್ರಿ."

"ಕ್ಯೂಗೇ ಮಂತ್ರ ಹಾಕಿದೋರು. ನೀವಂದ್ರ ಆತು ಬಿಡ್ರಿ."

ನಗುತ್ತಲೇ ಬಾಗಿಲ ಬಳಿಯ ಹಬೆಯ ವಾಲ್ವಿಗೆ ಕೈ ಹಾಕಿದರು.

ಆಗ ಡಿಸ್ಕ್... ಕರ್ ಎಂದಿತು. ಒಂದೇ ಸಲ. ಪರದೆಯಲ್ಲಿ ಒಂದು ಹೆಸರು ಮೂಡಿತು. ನಾಗರಾಜ, ಒಳಗೆ.

"ತಡೀರಿ! ಬಿಡಬ್ಯಾಡ್ರಿ!"

ಬಾಗಿಲು ತೆರೆದರೆ ನಾಗರಾಜ ಮೂಲೆಯಲ್ಲಿ ಬಗ್ಗಿ ನೆಲ ಉಜ್ಜುತ್ತಿದ್ದ. "ಇನ್ನೂ ಅರ್ಧ ಉಳದೈತೆ ಅಣ್ಣ, ಯಾಕ?" ಎಂದ. ರುದ್ರಪ್ಪ ಅವನ ರಟ್ಟೆ ಹಿಡಿದು ಹೊರಗೆಳೆದರು.

ನಾನು ಕುರ್ಚಿಗೆ ಮರಳಿದೆ. ಹೆದರಿಕೆ ಆಗಲಿಲ್ಲ, ಸಮಾಧಾನವೂ ಆಗಲಿಲ್ಲ. ಆ ರಾತ್ರಿ ಆ ಬಾಗಿಲಲ್ಲಿ ಕಾರ್ಡ್ ಉಜ್ಜಿದ್ದು ಒಟ್ಟು ಮೂರೇ ಸಲ, ಐವತ್ತಲ್ಲ. ಮತ್ತೊಬ್ಬ ಹೋಗಿ ಬಂದ ಎರಡು ಇನ್ನೂ ಮೆಮೊರಿಯಲ್ಲೇ ಕಾಯುತ್ತಿದ್ದವು. ಒಂದೊಂದಾಗಿ ಬರೆಯುವ ಆಜ್ಞೆಯನ್ನು ನಾನೇ ಅಳಿಸಿದ್ದೆ. ಮತ್ತೆ ಮತ್ತೆ ಹುಡುಕಿದೆ... ಎಲ್ಲೂ ಇರಲಿಲ್ಲ.

ಈ ಕಸುಬಿನವರಿಗೊಂದು ಕಿವಿಮಾತು. ಕೂಡಿಹಾಕಿ ಬರೆಯಿರಿ, ಬೇಡ ಅನ್ನುವುದಿಲ್ಲ. ಆದರೆ ಜೀವದ ಪ್ರಶ್ನೆ ಇರುವ ಬಾಗಿಲಲ್ಲಿ ಮಾತ್ರ ಆಗಿಂದಾಗಲೇ ಬರೆಯಿರಿ. ನಾನು ಅದನ್ನು ಆ ರಾತ್ರಿಯೇ ಸರಿಮಾಡಿದೆ.

ಬೆಳಿಗ್ಗೆ ಮ್ಯಾನೇಜರ್ ಬೆನ್ನು ತಟ್ಟಿದರು. "ನಿಮ್ಮ ಪ್ರೋಗ್ರಾಮ್ ಒಂದು ಜೀವ ಉಳಿಸ್ತು ನೋಡ್ರಿ. ಆ ಗಿರಣಿನೂ ನಿಮ್ಗೇ."

ಹೂಂ ಅಂದೆ. ನಾಗರಾಜ ಬಂದು ನನ್ನ ಎರಡೂ ಕೈ ಹಿಡಿದುಕೊಂಡ. ಅದಕ್ಕೂ ಹೂಂ ಅಂದೆ.

ಅವನ ಹೆಸರನ್ನು ತಡೆದಿಟ್ಟವನು ನಾನು. ಬರೆದವರು ಯಾರೋ... ಇವತ್ತಿಗೂ ತಿಳಿದಿಲ್ಲ.