ಚಿಕ್ಕಪ್ಪನಿಗೆ ಹೆಂಡತಿ ಇರಲಿಲ್ಲ ಎಂಬುದಕ್ಕೆ ಸಾಕ್ಷಿ

ಉಪ್ಪಿಟ್ಟಿನ ವಾಸನೆಗೆ ನಿಮಗೆ ಹಸಿವಾಗಬಹುದು, ನನಗೆ ನಾಡಕಚೇರಿ ನೆನಪಾಗುತ್ತದೆ. ಈಗಲೂ ನಂಜನಗೂಡಿನ ಬಸ್ ನಿಲ್ದಾಣದ ಹೋಟೆಲಿನಲ್ಲಿ ತಟ್ಟೆ ಮುಂದಿಟ್ಟುಕೊಂಡು ಒಬ್ಬನೇ ನಗುತ್ತಿದ್ದೇನೆ. ಎದುರಿಗೆ ಕೂತವರು ಎದ್ದು ಬೇರೆ ಕಡೆ ಹೋದರು. ಹೋಗಲಿ ಬಿಡಿ.

ನರಸೀಪುರದ ಪಕ್ಕದ ಹಳ್ಳಿಯಲ್ಲಿ ನಮ್ಮ ಚಿಕ್ಕಪ್ಪ ತೀರಿಕೊಂಡಾಗ ಮನೆ ಅವರ ಹೆಸರಿನಲ್ಲಿತ್ತು. ಅವರು ಮದುವೆಯಾಗಿರಲಿಲ್ಲ; ಅವರಣ್ಣ, ಅಂದರೆ ನಮ್ಮಪ್ಪ, ಮೊದಲೇ ಹೋಗಿದ್ದರು. ಜೊತೆಗಿದ್ದವಳು ಅವರ ಅಕ್ಕ, ಅಂದರೆ ನನ್ನ ಅತ್ತೆ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ವಾರಸುದಾರಳೆಂದು ಪ್ರಮಾಣಪತ್ರ ಸಿಗದಿದ್ದರೆ ತಲೆಯ ಮೇಲಿನ ಸೂರೂ ಅವಳದಾಗುತ್ತಿರಲಿಲ್ಲ. ಅರ್ಜಿಯ ಓಡಾಟ ನನ್ನ ಪಾಲಿಗೆ ಬಂತು. ನಾಲ್ಕಕ್ಷರ ಬಲ್ಲವನೆಂಬ ಜಂಬ ನನಗಿತ್ತಲ್ಲ!

ನಾಡಕಚೇರಿಯಲ್ಲಿ ಗ್ರಾಮ ಲೆಕ್ಕಿಗರು ಮರಣಪತ್ರ ನೋಡಿ, "ಸತ್ತಿದ್ದು ಸರಿ. ಮದುವೆ ಆಗಿಲ್ಲ ಅನ್ನೋದಕ್ಕೆ ಏನ್ರೀ ದಾಖಲೆ?" ಎಂದರು.

"ಆಗಿದ್ರೆ ತಾನೇ ಸಾ ದಾಖಲೆ ಇರೋದು?"

"ನಾಳೆ ಯಾರಾದ್ರೂ ಹೆಂಡ್ತಿ ಅಂತ ಬಂದು ನಿಂತ್ರೆ? ಗೊತ್ತಿರೋರಿಂದ ಹೇಳಿಕೆ ಬರೆಸ್ಕಂಡು ಬನ್ನಿ."

ನೆರೆಯವರನ್ನು ಕೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅತ್ತೆ ಬಿಡಬೇಕಲ್ಲ! "ಅವರಿಗೇನ್ಲಾ ಗೊತ್ತು? ಇವನು ಎಣ್ಣು ನೋಡಕ್ಕೋಗಿದ್ದ ಮನೆಗಳ್ಗೆ ಓಗಾನ ನಡಿ. ಇವನ್ನ ಮದ್ವೆ ಆಗ್ನಿಲ್ಲ ಅಂತ ಆ ಎಣ್ಣುಗಳಿಗಿಂತ ಚೆಂದಾಗಿ ಯಾರಿಗ್ ಗೊತ್ತಿರ್ತದೆ?" ಎಂದಳು. ಯೋಚಿಸಿದಷ್ಟೂ ನನಗದು ಸರಿಯೆನಿಸಿತು. ನನ್ನ ಬುದ್ಧಿ ಅಷ್ಟೇ.

ಬನ್ನೂರಿನಾಕೆಗೆ ಚಿಕ್ಕಪ್ಪನ ನೆನಪೇ ಇರಲಿಲ್ಲ. ಆದರೂ ಉಪ್ಪಿಟ್ಟು ಕೊಟ್ಟು ಸಹಿ ಹಾಕಿದರು. ತಲಕಾಡಿನಲ್ಲಿ ಮತ್ತೆ ಉಪ್ಪಿಟ್ಟು. ಅಲ್ಲಿನ ಯಜಮಾನರು ಹೆಂಡತಿಗೆ ಪೆನ್ನೇ ಕೊಡಲಿಲ್ಲ. "ಇವಳು ನಿಮ್ ಚಿಕ್ಕಪ್ಪನ್ನ ಮದ್ವೆ ಆಗಿಲ್ಲ ಅನ್ನಕ್ಕೆ ನಾನೇ ಸಾಕ್ಷಿ ಕಣ್ರೀ. ಇಷ್ಟ್ ವರ್ಸದಿಂದ ಅನುಭವಿಸ್ತಾ ಇಲ್ವಾ?" ಎಂದು ತಾವೇ ಸಹಿ ಜಡಿದರು.

ಉಳಿದಿದ್ದು ಬಿಳಿಗೆರೆಯ ಸಾಕಮ್ಮ. ದಾರಿಯುದ್ದಕ್ಕೂ ಅತ್ತೆ ಆಕೆಗೆ ಶಾಪ ಹಾಕಿದಳು. "ಕರ್ರಗವ್ನೆ ಅಂತ ನನ್ ತಮ್ಮನ್ನ ಒಲ್ಲೆ ಅಂದ್ಳಂತೆ, ಅವನೇ ಬಂದು ಯೋಳ್ದ. ಎಷ್ಟು ಸೊಕ್ಕು ನೋಡ್ಲಾ!"

ಸಾಕಮ್ಮನವರಿಗೂ ಈಗ ಗಂಡನಿಲ್ಲ. ಕಾಗದ ಓದಿ ಅತ್ತೆಯ ಕಡೆ ತಿರುಗಿದರು. "ನಾನು ಒಲ್ಲೆ ಅನ್ನಿಲ್ಲ ಕಣಕ್ಕ, ಒಪ್ಕಂಡಿದ್ದೆ. ನಿಮ್ಮನ್ನ ಬ್ಯಾರೆ ಮನೇಲಿಡು ಅಂತ ನಮ್ಮಪ್ಪ ಅಟ ಇಡುದ್ರು. ನಿಮ್ ತಮ್ಮ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು ಎದ್ದೋಗ್ಬುಟ್ರು."

ಸಹಿ ಹಾಕಿ ಕೊಟ್ಟರು. ಬಸ್ಸಿನಲ್ಲಿ ಅತ್ತೆ ಆ ಕಾಗದವನ್ನು ಮಡಿಲಿಂದ ಇಳಿಸಲಿಲ್ಲ. ಚಿಕ್ಕಪ್ಪನನ್ನು ಮದುವೆ ದಕ್ಕದ ಪೆದ್ದನೆಂದು ನಗುತ್ತಿದ್ದವನಲ್ಲವೇ ನಾನು? ನಾಚಿಕೆಯಾಯಿತು.

ಲೆಕ್ಕಿಗರು ಮೂರೂ ಹೇಳಿಕೆ ಓದಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, "ಪಕ್ಕದ ಮನೆಯೋರೇ ಸಾಕಾಗಿತ್ತಲ್ರೀ!" ಎಂದರು.

ಇವತ್ತು ಬೆಳಿಗ್ಗೆ ಪ್ರಮಾಣಪತ್ರ ಕೈಗೆ ಬಂತು. ಹೆಂಡತಿ ಇಲ್ಲ, ಮಕ್ಕಳಿಲ್ಲ, ಅಕ್ಕನೊಬ್ಬಳೇ ವಾರಸುದಾರಳು ಎಂದು ಮೊಹರು ಬಿದ್ದಿದೆ. ಅತ್ತೆಗೆ ಫೋನಿನಲ್ಲಿ ಓದಿ ಹೇಳಿದೆ.

"ಅಂಗಾರೆ ಬಿಳಿಗೆರೆಗೋಗಿ ಸಾಕಮ್ಮನ್ನ ಕರ್ಕಬಾ," ಎಂದಳು. "ಈ ಒಸ್ಲು ತುಳೀಬೇಕಾಗಿದ್ದೋಳು. ಒಂದೊತ್ತಾದ್ರೂ ಒಳಗೆ ಕುಂತು ಉಣ್ಲಿ."

ಬಿಳಿಗೆರೆ ಬಸ್ಸಿಗೇ ಇಲ್ಲಿ ಕಾಯುತ್ತಿದ್ದೇನೆ. ಅವರನ್ನು ಏನೆಂದು ಕರೆಯಲಿ ಎಂದೂ ಕೇಳಿದ್ದೆ.

"ಚಿಕ್ಕಮ್ಮ ಅನ್ಲಾ," ಎಂದು ಅತ್ತೆ ಫೋನಿಟ್ಟಳು.