ಮಹಡಿಯ ಅತಿಥಿ, ಅವಳ ಮೋಡೆಮ್, ನಮ್ಮನೆಯ ಲೈನು

ಯೋಗ ಕಲಿಯಲು ಬರುವ ವಿದೇಶಿಯರಿಗೆ ಗೋಕುಲಮ್ಮಿನಲ್ಲಿ ಮಹಡಿ ಕೋಣೆಗಳನ್ನು ಬಾಡಿಗೆಗೆ ಕೊಡುವುದು ಆಗಷ್ಟೇ ಶುರುವಾಗಿತ್ತು. ನಮ್ಮ ಮಹಡಿಗೆ ಬಂದವಳು ಹಾಲೆಂಡಿನವಳು. ಬೆಳಗ್ಗೆ ಯೋಗ, ಆಮೇಲೆ ಲ್ಯಾಪ್‌ಟಾಪಿನಲ್ಲಿ ಅನುವಾದದ ಕೆಲಸ. ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಮನೆಯಲ್ಲಿ ಕೂತಿದ್ದೆ. ನಾನು ಬಿಚ್ಚಿ ಜೋಡಿಸಿದ ರೇಡಿಯೋದಲ್ಲಿ ಒಂದೆರಡು ಸ್ಕ್ರೂ ಉಳಿದೇ ಉಳಿಯುತ್ತಿದ್ದುದರಿಂದ ಅಮ್ಮ ಮಿಕ್ಸಿಯನ್ನು ನನ್ನ ಕಣ್ಣಿಗೆ ಬೀಳದಂತೆ ಇಡುತ್ತಿದ್ದಳು.

ಒಂದು ದಿನ ಹನ್ನೆರಡು ಗಂಟೆಗೆ ಆಕೆ ಲ್ಯಾಪ್‌ಟಾಪ್ ಅಪ್ಪಿಕೊಂಡು ಕೆಳಗಿಳಿದು ಬಂದಳು. ಮುಖ ಬಿಳುಚಿತ್ತು. ಪೇಟೆಯ ಸೈಬರ್ ಕೆಫೆಯಲ್ಲಿ ಅವತ್ತು ಕರೆಂಟಿಲ್ಲ. ಅನುವಾದದ ಮೊದಲ ಅಧ್ಯಾಯ ಒಂದೂವರೆಯೊಳಗೆ ಅವಳ ಪ್ರಕಾಶಕರ ಕೈ ಸೇರದಿದ್ದರೆ ಪುಸ್ತಕ ಬೇರೆಯವರ ಪಾಲು. ಆಮೇಲೆ ಅವಳು ಗಂಟುಮೂಟೆ ಕಟ್ಟಿ ಊರಿಗೆ ಹೊರಡುವುದೇ. ಇಂಟರ್ನೆಟ್ಟಿಗೆ ಹೋಗಲು ನಿಮ್ಮ ಫೋನಿನ ಲೈನಿಗೆ ನನ್ನ ಮೋಡೆಮ್ ಸಿಕ್ಕಿಸಬಹುದೇ ಎಂದು ಕೇಳಿದಳು. ನನಗಂತೂ ಹಬ್ಬವೇ ಬಂದಂತಾಯಿತು.

ಅವಳ ಚೀಲದಲ್ಲಿ ಏಳೆಂಟು ದೇಶಗಳ ಪ್ಲಗ್ಗುಗಳಿದ್ದವು. ಒಂದೂ ನಮ್ಮ ಗೋಡೆಯ ಡಬ್ಬಿಗೆ ಹೊಂದಲಿಲ್ಲ. ಹೊಂದುವುದಾದರೂ ಹೇಗೆ? ಅದರಲ್ಲಿ ಇದ್ದದ್ದೇ ಎರಡು ಸ್ಕ್ರೂ, ಎರಡು ತಂತಿ. ನಾನು ಡಬ್ಬಿಯ ಮುಚ್ಚಳ ಬಿಚ್ಚಿದೆ. ಅವಳ ಹತ್ತಿರ ಮೋಡೆಮಿನ ಇನ್ನೊಂದು ವೈರಿತ್ತು. ಅದರ ತುದಿ ಕತ್ತರಿಸಲೇ ಎಂದೆ. ಒಂದು ಗಳಿಗೆ ಕಣ್ಣು ಮುಚ್ಚಿಕೊಂಡು, ಹೂಂ ಎಂದಳು. ನಡುವಿನ ಎರಡು ಎಳೆಗಳ ಸಿಪ್ಪೆ ಹಲ್ಲಿನಲ್ಲೇ ಸುಲಿದು ಸ್ಕ್ರೂಗಳಿಗೆ ಸುತ್ತಿದೆ.

ಡಯಲ್ ಟೋನ್ ಇಲ್ಲ ಎಂದಿತು ಲ್ಯಾಪ್‌ಟಾಪ್. ರಿಸೀವರ್ ಎತ್ತಿದರೆ ಟೋನ್ ಚೆನ್ನಾಗಿಯೇ ಇತ್ತು. ಅದು ಕಾಯುತ್ತಿದ್ದದ್ದು ಅವಳ ಊರಿನ ಟೋನಿಗೆ, ನಮ್ಮದು ಅದಕ್ಕೆ ಗುರುತು ಹತ್ತಿರಲಿಲ್ಲ! ಟೋನಿಗೆ ಕಾಯಬೇಡ ಎಂದು ಮೋಡೆಮಿಗೆ ಹೇಳುವ ಜಾಗ ಹುಡುಕಿ ಬದಲಾಯಿಸಿದೆವು. ಆದರೂ ಇಂಟರ್ನೆಟ್ಟಿನ ನಂಬರ್ ಹೋಗಲಿಲ್ಲ. ಅದು ಪೀಂ ಪೀಂ ಎಂದು ಒತ್ತಿದರೆ ನಮ್ಮ ಹಳೇ ಲೈನು ಜಪ್ಪಯ್ಯ ಎನ್ನಲಿಲ್ಲ. ಹಾಗಾದರೆ ನಮ್ಮ ಚಕ್ರದ ಫೋನಿನ ಹಾಗೆ ಕಟಕಟ ಎಂದು ಡಯಲ್ ಮಾಡಲಿ ಎಂದು ಅದನ್ನೂ ಬದಲಾಯಿಸಿದೆ. ಈ ಸಲ ಹೋಯಿತು. ನಾನು ಕೂತಲ್ಲೇ ಚಪ್ಪಾಳೆ ಹೊಡೆದೆ.

ಅಷ್ಟರಲ್ಲಿ ಲ್ಯಾಪ್‌ಟಾಪಿನೊಳಗಿಂದ ಅಮ್ಮನ ದನಿ ಬಂತು. "ಏನ್ರೀ, ಏನಾಯ್ತ್ರೀ? ಮಾತಾಡ್ರೀ!"

ಅಡುಗೆಮನೆಯಲ್ಲಿ ಅದೇ ಲೈನಿನ ಇನ್ನೊಂದು ಫೋನಿತ್ತು. ಇಲ್ಲಿ ಕಟಕಟ ಎಂದಾಗಲೆಲ್ಲ ಅಲ್ಲಿ ಗಂಟೆ ಟಿಂಗ್ ಟಿಂಗ್ ಎನ್ನುತ್ತಿತ್ತು. ಅಪ್ಪ ಕಡಕೊಳದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ, ಎರಡು ಗಂಟೆಗೆ ಒಂದೇ ಒಂದು ರಿಂಗ್ ಕೊಟ್ಟು ಇಡುತ್ತಿದ್ದ. ಹೊರಟೆ, ಅನ್ನಕ್ಕಿಡು ಎಂದು ಅರ್ಥ. ಅದನ್ನು ಯಾರೂ ಎತ್ತಬಾರದು. ಒಂದಕ್ಕಿಂತ ಹೆಚ್ಚಾದರೆ ಏನೋ ಆಗಿದೆ, ಓಡಿಬಂದು ಎತ್ತಬೇಕು. ಅಮ್ಮ ಪಾಪ, ಹೊತ್ತಲ್ಲದ ಹೊತ್ತಿನಲ್ಲಿ ಇಪ್ಪತ್ತು ಮೂವತ್ತು ಟಿಂಗ್ ಕೇಳಿ ಎದೆ ಒಡೆದುಕೊಂಡಿದ್ದಳು.

ಅವಳಿಗೆ ವಿವರಿಸಿ ಮತ್ತೆ ಡಯಲ್ ಮಾಡಿದೆವು. ಮತ್ತೆ ಎತ್ತಿದಳು. ಒಂದು ಗಂಟೆ ದಾಟಿತ್ತು.

"ಅಮ್ಮಾ! ಎತ್ಬೇಡ ಅಂದ್ನಲ್ಲೇ!"

"ಕೈ ತಡೆಯಲ್ಲ ಕಣೇ. ನಿಜವಾಗ್ಲೂ ಅವ್ರೇ ಮಾಡಿದ್ರೆ?"

ನನಗೆ ಸಿಟ್ಟು ನೆತ್ತಿಗೇರಿತು. ಬಾಯಿ ಬಿಡುವಷ್ಟರಲ್ಲಿ ಅಮ್ಮ ಬಾಗಿಲಲ್ಲಿ ನಿಂತು ನಮ್ಮ ಅತಿಥಿಯನ್ನು ನೋಡಿದಳು. ಅವಳು ನೆಲದ ಮೇಲೆ ಕೂತು ಉಗುರು ಕಚ್ಚುತ್ತಿದ್ದಳು. ಅಮ್ಮ ಒಳಗೆ ಹೋಗಿ, ಅಡುಗೆಮನೆಯ ಫೋನನ್ನು ವೈರಿನ ಸಮೇತ ಕಿತ್ತು ತಂದು ನನ್ನ ಮುಂದೆ ಇಟ್ಟಳು.

"ತಗೋ. ಒಂದಿನ ನಿಮ್ಮಪ್ಪ ಬಿಸಿ ಅನ್ನಕ್ಕೆ ಕಾಯ್ಲಿ ಬುಡು. ಈ ಮಗೀದು ಹೋಗ್ಲಿ ಮೊದ್ಲು."

ಮೂರನೇ ಸಲ ಕಟಕಟ ಎಂದಿತು. ಆಮೇಲೆ ಮೋಡೆಮ್ ಕಿರುಚಿತು, ಗೊರಗೊರ ಎಂದಿತು, ತಟ್ಟನೆ ಸುಮ್ಮನಾಯಿತು. ಕೆಟ್ಟೇಹೋಯಿತೇ ಎಂದು ನನ್ನ ಜೀವ ಬಾಯಿಗೆ ಬಂತು. ಇಲ್ಲ, ಇಂಟರ್ನೆಟ್ಟಿಗೆ ಸೇರಿತ್ತು! ಅಧ್ಯಾಯ ಎಷ್ಟು ಹೋಯಿತೆಂದು ತೋರಿಸುವ ಗೆರೆ ತೆರೆಯ ಮೇಲೆ ಮೆಲ್ಲಗೆ ಮುಂದೆ ಸರಿಯತೊಡಗಿತು. ಅಮ್ಮ, ಅವಳು, ನಾನು ಮೂವರೂ ತಲೆಗೆ ತಲೆ ತಾಗಿಸಿ ಕೂತು ಆ ಗೆರೆಯನ್ನೇ ನೋಡಿದೆವು. ಒಂದು ಇಪ್ಪತ್ತಕ್ಕೆ ಹೋಗಿ ಮುಟ್ಟಿತು. ಐದಾರು ನಿಮಿಷಕ್ಕೆ ಉತ್ತರವೂ ಬಂತು. ತಲುಪಿದೆ, ಎರಡನೆಯದನ್ನು ಶುರು ಮಾಡು.

ಆಕೆ ಅಳುತ್ತಾ ನಗುತ್ತಾ, ಯೋಗದ ಶಾಲೆಯಲ್ಲಿ ಕಲಿತಂತೆ, ಅಮ್ಮನ ಕಾಲು ಮುಟ್ಟಲು ಬಗ್ಗಿದಳು. ಅಮ್ಮ ಗಾಬರಿಯಿಂದ ಹಿಂದೆ ಸರಿದು ನನ್ನ ರಟ್ಟೆ ಹಿಡಿದು ಮುಂದಕ್ಕೆಳೆದಳು.

"ನಂಗ್ಯಾಕಮ್ಮ? ಮಾಡಿದ್ದು ಇವ್ಳು. ನನ್ನ ಮಗಳು."